ಕೆಂಪುಬಾಲದ ಮೀನು ಎದುರುಮನೆಗೆ ಹೋದದ್ದು

ವೀಂಡಾಮ್ ಎಂಬ ಡಚ್ ಊರಿನ ಮೀನು ಸಾಕುವವರ ಸಂಘದಲ್ಲಿ ವುಬ್ಬೊ ಎಂದರೆ ಹೊಸಬರಿಗೆ ಒಂದಿಷ್ಟು ಭಯ, ಹಳಬರಿಗೆ ಒಂದಿಷ್ಟು ತಲೆನೋವು. ಯಾರಾದರೂ ತಮ್ಮ ತೊಟ್ಟಿಯಲ್ಲಿ ಮೀನುಗಳು ಕಚ್ಚಾಡುತ್ತಿವೆ ಅಂದರೆ ಸಾಕು, ಆಸಾಮಿ ಕುರ್ಚಿ ಎಳೆದುಕೊಂಡು ಶುರುಮಾಡುತ್ತಿದ್ದ.

"ಮೊದಲು ಕಲ್ಲು, ಬೇರು ಎಲ್ಲಾ ಜಾಗ ಬದಲಾಯಿಸು. ಗಡಿ ಅಳಿಸಿಹೋದ್ರೆ ರೌಡಿಗೂ ದಿಕ್ಕು ತಪ್ಪುತ್ತೆ. ಊಟ ಎರಡು ಮೂಲೇಲಿ ಹಾಕು. ಅದಕ್ಕೂ ಬಗ್ಗಲಿಲ್ವಾ, ತಪ್ಪು ಮೀನಿಂದಲ್ಲಪ್ಪ, ತಂದವನದ್ದು!"

ಅಂಥ ವುಬ್ಬೊ ತಾನೇ ಒಂದು ರೌಡಿ ಮೀನನ್ನು ತಂದಿದ್ದ. ಕಡುಕಪ್ಪು ಮೈ, ಕೆಂಡದಂಥ ಬಾಲ. ಅಂಗಡಿಯ ಗಾಜಿನ ಹಿಂದೆ ಅದನ್ನು ಕಂಡದ್ದೇ ತಡ, ಅರವತ್ತು ದಾಟಿದ ಮನುಷ್ಯನ ಬುದ್ಧಿ ಆಟಿಕೆ ಕಂಡ ಮಗುವಿನ ಬುದ್ಧಿಯಾಯಿತು. ಮನೆಗೆ ಬಂದ ವಾರದೊಳಗೆ ಆ ಮೀನು ತೊಟ್ಟಿಯನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡಿತು. ವುಬ್ಬೊ ಕಲ್ಲು ಸರಿಸಿದ, ಬೇರು ತಿರುಗಿಸಿದ, ಎರಡು ಮೂಲೆಯಲ್ಲಿ ಊಟ ಹಾಕಿದ. ಅದು ಎರಡೂ ಮೂಲೆಯ ಊಟ ತಿಂದು ಉಳಿದವರನ್ನು ಗಿಡಗಳ ಸಂದಿಗೆ ಅಟ್ಟಿತು.

ಅಷ್ಟರಲ್ಲಿ ನವೆಂಬರ್ ಬಂತು. ನವೆಂಬರಿನಲ್ಲಿ ತೀರ್ಪುಗಾರರು ಸಂಘದವರ ಮನೆಮನೆಗೆ ಬಂದು ತೊಟ್ಟಿಗಳಿಗೆ ಅಂಕ ಹಾಕುತ್ತಾರೆ. ಒಟ್ಟಿಗೆ ಬಾಳದ ಮೀನುಗಳನ್ನು ಒಟ್ಟಿಗೆ ಇಟ್ಟವರ ಅಂಕಕ್ಕೆ ಅಲ್ಲೇ ಕತ್ತರಿ. ಅವರ ಬೆನ್ನಿಗೆ ಸಂಘದ ಅರ್ಧ ಜನ ಕಾಫಿಯ ಆಸೆಗೆ ಬರುತ್ತಾರೆ, ಸ್ನಾನದ ಮನೆಯವರೆಗೂ ಇಣುಕುತ್ತಾರೆ. ಬಕೆಟ್ಟಿನಲ್ಲಿ ಬಚ್ಚಿಡೋಣವೆಂದರೆ ಮನೆಯೊಳಗೆ ಜಾಗವಿಲ್ಲ, ಹೊರಗಿನ ಶೆಡ್ಡಿನ ಚಳಿಗೆ ಮೀನು ಉಳಿಯುವುದಿಲ್ಲ. ಊರಿಗೆಲ್ಲ ಪಾಠ ಹೇಳಿದವನ ಗುಟ್ಟು ಎಲ್ಲರೆದುರು ರಟ್ಟಾದರೆ? ಅಯ್ಯೋ, ಆ ಯೋಚನೆಗೇ ಅವನ ಕಿವಿ ಬಿಸಿಯಾಯಿತು.

ಶುಕ್ರವಾರ ಸಂಜೆ ಅವನು ಮೀನನ್ನು ಹಿಡಿದು ಎದುರುಮನೆಯ ಫೆನ್ನಾಳ ಬಾಗಿಲು ತಟ್ಟಿದ.

ಫೆನ್ನಾ ಅವನ ಗೆಳೆಯ ಡೆರ್ಕ್‌ನ ಹೆಂಡತಿ. ವಸಂತದಲ್ಲಿ ಡೆರ್ಕ್ ತೀರಿಕೊಳ್ಳುವವರೆಗೆ ಅವಳು ತೊಟ್ಟಿಯ ನೀರಿಗೆ ಬೆರಳನ್ನೂ ಅದ್ದಿದವಳಲ್ಲ. ಆಮೇಲೆ ಪಟ್ಟು ಹಿಡಿದು ಎಲ್ಲ ಕಲಿತಳು, ಕಲಿಸಿದವನು ವುಬ್ಬೊನೇ. ಈ ಸಲ ಮೊದಲ ಬಾರಿಗೆ ತೀರ್ಪಿಗೆ ಹೆಸರು ಕೊಟ್ಟಿದ್ದಳು. "ಬಹುಮಾನ ಯಾರಿಗೆ ಬೇಕು ಬಿಡಿ. ಡೆರ್ಕ್‌ನ ತೊಟ್ಟಿ ಇವಳ ಕೈಲಿ ಕೆಡಲಿಲ್ಲ ಅಂತ ಒಬ್ಬರ ಬಾಯಲ್ಲಿ ಕೇಳಿದ್ರೆ ಸಾಕು" ಎಂದು ಅವನಿಗೇ ಹೇಳಿದ್ದಳು. ವುಬ್ಬೊನ ಸರದಿ ಶನಿವಾರ, ಅವಳದು ಭಾನುವಾರಕ್ಕಿತ್ತು.

"ನನ್ನ ತೊಟ್ಟೀಲಿ ಜನ ಜಾಸ್ತಿ ಆಯ್ತಮ್ಮ. ಒಂದು ರಾತ್ರಿ ಇಟ್ಕೋ, ನಾಳೆ ಸಂಜೆ ಒಯ್ತೀನಿ" ಎಂದ ವುಬ್ಬೊ.

"ಕಚ್ಚಲ್ಲ ತಾನೇ? ನಮ್ಮ ಗಂಡು ಗೌರಾಮಿ ಮೀನಿಗೆ ವಯಸ್ಸಾಗಿದೆ."

"ಛೆ ಛೆ, ಪಾಪದ್ದು ಕಣಮ್ಮ. ಸಾಧು ಪ್ರಾಣಿ."

ಹೊಸ ಜಾಗದಲ್ಲಿ ಎಂಥ ಪುಂಡನೂ ಒಂದೆರಡು ದಿನ ಬಾಲ ಮುದುರಿಕೊಂಡಿರುತ್ತಾನೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅರ್ಧ ನಂಬಿದ. ಉಳಿದರ್ಧ ನಂಬಲಿಲ್ಲ, ಆದರೂ ಬಂದು ನಿದ್ದೆ ಮಾಡಿದ, ಪುಣ್ಯಾತ್ಮ!

ಶನಿವಾರ ತೀರ್ಪುಗಾರ ಬ್ರಾಂಡ್ಸ್ಮಾ ವುಬ್ಬೊನ ತೊಟ್ಟಿಯ ಮುಂದೆ ಸುಮ್ಮನೆ ಕೂತು ನೋಡಿದರು, ಎದ್ದು ಕೈಕುಲುಕಿದರು. "ಎಂಥ ನೆಮ್ಮದಿಯ ತೊಟ್ಟಿ ರೀ! ಒಂದು ಮೀನೂ ಇನ್ನೊಂದರ ತಂಟೆಗೆ ಹೋಗ್ತಿಲ್ಲ." ವುಬ್ಬೊ ಹಿಗ್ಗಿ ಹೀರೇಕಾಯಿಯಾದ. ಆಗಲೇ ಅವರು ಕಾಫಿ ಮುಗಿಸಿ ಅಂದರು: "ನಾಳೆಗೆ ಉಳಿದಿರೋದು ಎದುರುಮನೆ ಒಂದೇ. ಅದಕ್ಕೋಸ್ಕರ ಮತ್ತೆ ಯಾಕೆ ಬರಲಿ? ಈಗಲೇ ನೋಡಿಬಿಡೋಣ."

ವುಬ್ಬೊ ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಕೋಟು ಹಾಕಿಕೊಂಡು ರಸ್ತೆ ದಾಟಿಯಾಗಿತ್ತು.

ಫೆನ್ನಾಳ ತೊಟ್ಟಿಯಲ್ಲಿ ಡೆರ್ಕ್ ಕಟ್ಟಿದ ಕಲ್ಲಿನ ಗುಹೆಯ ಬಾಯಿಗೆ ಕೆಂಪುಬಾಲ ಕಾವಲು ನಿಂತಿತ್ತು. ಮುತ್ತು ಚಿಮುಕಿಸಿದಂಥ ಮೈಯ ಮುದಿ ಗೌರಾಮಿ ಮೇಲಿನ ಮೂಲೆಯಲ್ಲಿ ಓರೆಯಾಗಿ ತೇಲುತ್ತ ಬಾಯಿ ಬಾಯಿ ಬಿಡುತ್ತಿತ್ತು. ಅದರ ನೂಲೆಳೆಯಂಥ ಮೀಸೆಗಳೆರಡೂ ಇರಲಿಲ್ಲ, ಬಾಲ ಚಿಂದಿಯಾಗಿತ್ತು. ಸಣ್ಣ ಮೀನುಗಳು ಕಣ್ಣಿಗೇ ಬೀಳಲಿಲ್ಲ.

ಬ್ರಾಂಡ್ಸ್ಮಾರ ಮುಖ ಗಂಟಾಯಿತು. "ಅಮ್ಮಾವ್ರೇ, ಗಿಡ ಚೆನ್ನಾಗಿವೆ, ನೀರು ಚೆನ್ನಾಗಿದೆ. ಆದ್ರೆ ಇಂಥ ವಯಸ್ಸಾದ ಮೀನಿನ ಜೊತೆ ಇದನ್ನ ಯಾಕೆ ಬಿಟ್ರಿ? ಯಾರು ಕೊಟ್ಟರು ಇದನ್ನ?"

ಫೆನ್ನಾ ವುಬ್ಬೊನತ್ತ ಒಮ್ಮೆ ನೋಡಿದಳು. ನಾನು ಎಂಬ ಎರಡಕ್ಷರ ಅವನ ನಾಲಿಗೆಯ ತುದಿಯಲ್ಲಿತ್ತು. ಸುತ್ತಲೂ ತನ್ನಿಂದ ಪಾಠ ಹೇಳಿಸಿಕೊಂಡವರೇ ನಿಂತಿದ್ದರು.

"ನಾನೇ ತಂದೆ. ಬಣ್ಣ ನೋಡಿ ಮರುಳಾದೆ" ಎಂದಳು ಫೆನ್ನಾ.

"ಎದುರಿಗೇ ಇಂಥ ತಿಳಿದವರಿದ್ದಾರೆ, ಒಂದು ಮಾತು ಕೇಳಬಾರದಿತ್ತೇ?"

"ಕೇಳಬೇಕಿತ್ತು."

ಆಗ ವುಬ್ಬೊ ಬಾಯಿ ಬಿಟ್ಟ. ಏನಾದರೂ ಹೇಳಬೇಕಲ್ಲ ಎಂದು ಬಿಟ್ಟ ಬಾಯಿಂದ ಬಂದದ್ದು ಇದು: "ಹೌದಮ್ಮ, ಇನ್ನು ಮೇಲೆ ಕೇಳು."

ಥೂ! ಆ ಮಾತು ಹೊರಬಿದ್ದ ಗಳಿಗೆಯಲ್ಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬ್ರಾಂಡ್ಸ್ಮಾ ಏನೋ ಬರೆದುಕೊಂಡರು. ಹಿಂದೆ ಯಾರೋ "ಪಾಪ, ಡೆರ್ಕ್ ಇದ್ದಿದ್ರೆ..." ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಫೆನ್ನಾಳಿಗೂ ಕೇಳಿಸಿತು.

ಸಂಜೆ ಅವನು ಹೋದಾಗ ಅವಳು ಕೆಂಪುಬಾಲವನ್ನು ಹಿಡಿದು ಬಕೆಟ್ಟಿಗೆ ಹಾಕಿ, ಬಕೆಟ್ಟನ್ನು ಬಾಗಿಲ ಹತ್ತಿರವೇ ಇಟ್ಟಿದ್ದಳು.

"ಬೆಳಿಗ್ಗೇನೇ ನೋಡಿದೆ, ಹಿಡಿಯೋಕೆ ಹೋದ್ರೆ ಗುಹೆಯೊಳಗೆ ನುಗ್ತಿತ್ತು. ಫೋನ್ ಮಾಡೋಣ ಅಂದ್ರೆ ನಿಮ್ಮನೇಲಿ ತೀರ್ಪು ನಡೀತಿತ್ತು. ಯಾಕೆ ತೊಂದರೆ ಅಂತ ಬಿಟ್ಟೆ."

"ಫೆನ್ನಾ, ನಾನು ಬ್ರಾಂಡ್ಸ್ಮಾಗೆ ಈಗಲೇ ಹೇಳಿಬಿಡ್ತೀನಿ. ಸಂಘದಲ್ಲಿ ಎಲ್ಲರ ಮುಂದೆ ಎದ್ದು ನಿಂತು ಹೇಳ್ತೀನಿ."

"ಬೇಡ."

"ಇಲ್ಲ ಕಣಮ್ಮ, ನನಗೆ ತಡ್ಕೊಳ್ಳೋಕಾಗ್ತಿಲ್ಲ."

"ತಡ್ಕೊಳ್ಳಿ. ಅಷ್ಟು ಜನರ ಮುಂದೆ ನಿಮ್ಮ ಮುಖ ನೋಡಿ ನಿಮಗಿಂತ ಮೊದಲು ನಂಗೆ ನಾಚಿಕೆ ಆಯ್ತು, ಅದಕ್ಕೆ ಸುಳ್ಳು ಹೇಳಿದೆ. ಈಗ ನೀವು ನಿಜ ಹೇಳಿದ್ರೆ ನೀವು ದೊಡ್ಡ ಮನುಷ್ಯ ಆಗ್ತೀರಿ. ಮೀನು ಸಾಕೋಕೆ ಬರದವಳು ಅನ್ನಿಸಿಕೊಂಡಿದ್ದು ಸಾಲದು ಅಂತ ನಾನು ಸುಳ್ಳುಬುರುಕಿನೂ ಆಗ್ಲಾ?"

ಅವನು ಬಕೆಟ್ ಎತ್ತಿಕೊಂಡು ರಸ್ತೆ ದಾಟುವಾಗ ನೀರು ತುಳುಕಿ ಬೂಟಿನೊಳಗೆ ಇಳಿಯಿತು. ಅದನ್ನು ಒರೆಸಿಕೊಳ್ಳುವ ಮನಸ್ಸೂ ಅವನಿಗಾಗಲಿಲ್ಲ.

ಮರುದಿನ ಸಂಘದ ಕೊಠಡಿಯಲ್ಲಿ ಫಲಿತಾಂಶ. ಮೊದಲ ಸ್ಥಾನಕ್ಕೆ ವುಬ್ಬೊನ ಹೆಸರು, ಕೊನೆಯ ಸ್ಥಾನಕ್ಕೆ ಫೆನ್ನಾಳ ಹೆಸರು. ಚಪ್ಪಾಳೆ ಜೋರಾಯಿತು, ಹಿಂದಿನ ಸಾಲಿನಲ್ಲಿ ಅವಳೂ ತಟ್ಟಿದಳು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಬಹುಮಾನದ ಕಪ್ ಕೈಯಲ್ಲಿ ಹಿಡಿದು ನಿಂತ ವುಬ್ಬೊನಿಗೆ ಎರಡು ಮಾತಾಡಿ ಎಂದರು. ಅವನು ಅವಳತ್ತ ನೋಡಿದ. ಅವಳು ತಲೆಯನ್ನು ಅಡ್ಡಕ್ಕೆ ಒಂದೇ ಸಲ ಆಡಿಸಿದಳು. "ಏನೂ ಇಲ್ಲ, ಥ್ಯಾಂಕ್ಸ್" ಎಂದು ಕೆಳಗಿಳಿದ. ಮಾತಿನ ಮಲ್ಲ ಇವತ್ತು ಮೂಗನಾದ ಎಂದು ಎಲ್ಲರೂ ನಕ್ಕರು.

ಎಲ್ಲಿ ಕೂರುವುದೆಂದು ತಿಳಿಯದೆ ಅವನು ಗೋಡೆಯ ಪಕ್ಕ ನಿಂತೇ ಇದ್ದ. ಫೆನ್ನಾ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅವನು ಹೋಗಿ ಕುಳಿತ. ಅವಳು ಅವನ ಕಡೆ ತಿರುಗಲಿಲ್ಲ.

"ನಾಳೆ ಬಂದು ಗೌರಾಮಿ ನೋಡಿ" ಎಂದಳು ಮೆಲ್ಲಗೆ. "ಉಳಿಯುತ್ತೋ ಇಲ್ವೋ ಹೇಳಿ. ಈ ಸಲ ನಿಜ ಹೇಳಿ."