ಕೆನ್ನೆಯ ಉಸಿರು, ಎದೆಯ ಉಸಿರು

ನಾನು ಒಂದು ಕೊಳವೆ. ತಂಬಾಕು ಸೇದುವ ಕೊಳವೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಗಿಡ್ಡ ಕುತ್ತಿಗೆ, ದುಂಡನೆಯ ತಲೆ ನೋಡಿ ಎಷ್ಟೋ ಜನ ಹಾಗಂದುಕೊಂಡು ಮೂಗು ಮುರಿದಿದ್ದಾರೆ. ನನ್ನನ್ನು ಯಾರೂ ಸೇದಬೇಕಾಗಿಲ್ಲ, ಊದಬೇಕು. ಇಷ್ಟು ತಿಳಿದುಕೊಂಡರೆ ನನ್ನ ಮಾನ ಉಳಿದ ಹಾಗೆ.

ಯಾವುದೋ ಕಾರ್ಖಾನೆಯಲ್ಲಿ ಕಾದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ತಲೆಯೊಳಗೆ ಆಲಿಕೆಯ ಹಾಗೆ ಒಂದು ಬಟ್ಟಲು ಕೂರಿಸಿ, ಅದರಲ್ಲಿ ಒಂದು ಉಕ್ಕಿನ ಗುಂಡು ಇಟ್ಟು, ತೂತು ತೂತಿನ ಮುಚ್ಚಳ ತಿರುಗಿಸಿ ಬಿಗಿದರು. ಅಲ್ಲಿಗೆ ನನ್ನ ಜನನ ಮುಗಿಯಿತು. ನನಗೆ ವೈರಿಲ್ಲ, ಸೆಲ್ಲಿಲ್ಲ, ಒಳಗೆ ಔಷಧಿಯೂ ಇಲ್ಲ. ಮನುಷ್ಯ ಬೇಡವೆಂದು ಹೊರಗೆ ಬಿಡುವ ಉಸಿರೇ ನನಗೆ ಸಾಕು.

ಎದೆಯಲ್ಲಿ ಕಫ ಕಟ್ಟಿದವರು ನನ್ನನ್ನು ತುಟಿಗಿಟ್ಟು ಊದಿದರೆ ಗುಂಡು ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಬಿದ್ದಾಗಲೆಲ್ಲ ಹೊರಗೆ ಹೊರಟ ಉಸಿರಿಗೆ ಬಾಗಿಲು ಹಾಕಿದಂತಾಗಿ ಅದು ಹಿಂದಕ್ಕೆ ಒತ್ತುತ್ತದೆ. ಆ ನಡುಕ ಗಂಟಲಿಗಿಳಿದು, ಅಲ್ಲಿಂದ ಎದೆಯ ಆಳಕ್ಕೆ ಹೋಗಿ, ಗಟ್ಟಿಯಾಗಿ ಅಂಟಿಕೊಂಡ ಕಫವನ್ನು ಅಲುಗಿಸುತ್ತದೆ. ಆಮೇಲೆ ಕೆಮ್ಮಿದರೆ ಅದು ಹೊರಗೆ ಬರುತ್ತದೆ. ನನ್ನ ವಿದ್ಯೆ ಇಷ್ಟೇ. ಸಣ್ಣ ವಿದ್ಯೆಯೇನಲ್ಲ ಎಂದು ನನಗೆ ಸ್ವಲ್ಪ ಜಂಭವೂ ಇದೆ.

ನಾಣ್ಯ, ಪೆನ್ನು, ಸೈಕಲ್ಲು ತಮ್ಮ ಕಥೆ ಹೇಳುವಾಗ ಎಷ್ಟು ಕೈ ಬದಲಾಯಿಸಿದೆವು ಎಂದು ಕೊಚ್ಚಿಕೊಳ್ಳುತ್ತವೆ. ನನಗೆ ಆ ಭಾಗ್ಯವಿಲ್ಲ. ಒಂದು ಸಲ ಬಾಯಿಗೆ ಇಟ್ಟರೆ ಎಂಜಲಾಯಿತು. ಆ ಒಂದು ಬಾಯಿಗೇ ಜೀವಮಾನವೆಲ್ಲ ಸಲ್ಲಬೇಕು. ನನ್ನ ಪಾಲಿಗೆ ಬಂದವನು ಗಜೇಂದ್ರಗಡದ ಅಕ್ಕಸಾಲಿಗ ಮಾನಪ್ಪ ಪತ್ತಾರ. ಹಿರಿಯರನ್ನು ಏಕವಚನದಲ್ಲಿ ಕರೆಯುತ್ತದಲ್ಲ ಎಂದು ಬೇಸರಿಸಬೇಡಿ. ದಿನಾ ತುಟಿಗೆ ತುಟಿ ಕೊಡುವವನಿಗೆ ಎಲ್ಲಿಯ ಬಹುವಚನ!

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನಾವು ಮೊದಲು ಭೇಟಿಯಾದೆವು. ಇದ್ದಿಲಿನ ಹೊಗೆ, ಚಿಮಣಿಯ ಮಸಿ, ಆಸಿಡ್ಡಿನ ಘಾಟು ಕುಡಿದೂ ಕುಡಿದೂ ಅವನ ಎದೆಯ ನಾಳಗಳು ಹಳೆ ಚೀಲದ ಹಾಗೆ ಸಡಿಲಾಗಿದ್ದವು. ಅವುಗಳಲ್ಲಿ ಕಫ ನಿಲ್ಲುತ್ತಿತ್ತು, ನಿಂತದ್ದು ಕೊಳೆಯುತ್ತಿತ್ತು, ಜ್ವರ ಬರುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದ. ಡಾಕ್ಟರು, “ಹೊಗೆ ಹತ್ರ ಹೋಗಬ್ಯಾಡ್ರಿ. ಮೊದಲು ಎದಿ ಹಗುರಾಗಲಿ, ಕೆಲಸದ್ದು ಆಮೇಲೆ ನೋಡೂಣು” ಎಂದರು. ಮಾನಪ್ಪ ಅದರಲ್ಲಿ ಕೊನೆಯ ಮಾತನ್ನು ಮಾತ್ರ ಗಂಟು ಹಾಕಿಕೊಂಡ. ಎದೆ ಹಗುರಾದರೆ ಮತ್ತೆ ದೀಪದ ಮುಂದೆ ಕೂತು ಬೆಸುಗೆ ಹಾಕಬಹುದು. ಅವನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ.

ಥೆರಪಿ ಮೇಡಂ ನನ್ನನ್ನು ಅವನ ಕೈಗಿಟ್ಟು ಊದುವ ಕ್ರಮ ಹೇಳಿದಳು. “ಗಲ್ಲ ಉಬ್ಬಿಸಬಾರದ್ರಿ ಅಜ್ಜಾರ. ಉಸಿರು ಎದಿಯಿಂದ ಬರಬೇಕು.” ಅವಳ ಮುಂದೆ ಅವನು ಮೈಯೆಲ್ಲ ಎಚ್ಚರವಾಗಿಟ್ಟುಕೊಂಡು ಸರಿಯಾಗಿಯೇ ಊದಿದ. ಪಕ್ಕದಲ್ಲಿದ್ದ ಹೆಂಡತಿ ಇಂದ್ರವ್ವ ಎಲ್ಲವನ್ನೂ ಕಣ್ಣರಳಿಸಿ ನೋಡಿದಳು. ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದವಳೂ ಅವಳೇ.

ಪತ್ತಾರ ಓಣಿಯ ಆ ಮನೆಗೆ ಹೋದ ಮೇಲೆ ನನಗೊಬ್ಬಳು ಸವತಿ ಇರುವುದು ತಿಳಿಯಿತು. ಪಡಸಾಲೆಯ ಮೊಳೆಗೆ ಒಂದು ಹಿತ್ತಾಳೆಯ ಊದುಗೊಳವೆ ತೂಗುತ್ತಿತ್ತು. ತುದಿ ಬಾಗಿದ, ತುಟಿ ತಾಗಿ ತಾಗಿ ನುಣುಪಾದ ಕೊಳವೆ. ಅಕ್ಕಸಾಲಿಗರು ಅದರ ಒಂದು ತುದಿ ಬಾಯಿಗಿಟ್ಟು, ಇನ್ನೊಂದನ್ನು ದೀಪದ ಉರಿಗೆ ಹಿಡಿದು ಊದುತ್ತಾರೆ. ಉರಿ ಸೂಜಿಯಂತೆ ಸಣ್ಣಗಾಗಿ ಚಿನ್ನದ ಬೆಸುಗೆಯ ಮೇಲೆ ಹೋಗಿ ನಿಲ್ಲುತ್ತದೆ. ಅದು ಒಂದು ಕ್ಷಣವೂ ಅಲುಗಬಾರದು. ಉಸಿರು ಎಳೆದುಕೊಳ್ಳಲು ನಿಲ್ಲಿಸಿದರೆ ಕೆಲಸ ಕೆಟ್ಟಿತು. ಅದಕ್ಕೇ ಅವರು ಕೆನ್ನೆ ತುಂಬ ಗಾಳಿ ಇಟ್ಟುಕೊಂಡು, ಕೆನ್ನೆಯಿಂದ ಅದನ್ನು ನೂಕುತ್ತಲೇ ಮೂಗಿನಿಂದ ಉಸಿರು ತೆಗೆದುಕೊಳ್ಳುವುದು. ಮಾನಪ್ಪನ ಕೆನ್ನೆಯೇ ಅವನ ತಿದಿ. ಅವನು ಊದಿದರೆ ಉರಿ ಬರೆದ ಗೆರೆ ಹಾಗೆ ನಿಲ್ಲುತ್ತಿತ್ತು ಎಂದು ಓಣಿಯವರು ಈಗಲೂ ಹೇಳುತ್ತಾರೆ. ಅವನ ಅಣ್ಣನ ಮಗ ಪ್ರಭಾಕರ ಅದೇ ಮನೆಯ ಮುಂಭಾಗದಲ್ಲಿ ಅಂಗಡಿ ಇಟ್ಟು, ಗ್ಯಾಸಿನ ಉರಿಯಲ್ಲಿ ಕೆಲಸ ಮಾಡುತ್ತಿದ್ದ. ಅವನಿಗೆ ಊದುವ ಗೊಡವೆಯೇ ಇರಲಿಲ್ಲ.

ಮಾನಪ್ಪ ಬೆಳಿಗ್ಗೆ ಸಂಜೆ ತಪ್ಪದೆ ನನ್ನನ್ನು ಊದಿದ. ತುಟಿ ನನ್ನ ಮೇಲೆ, ಕಣ್ಣು ಮೊಳೆಯ ಮೇಲೆ. ಗುಂಡು ಗಿಲಿಗಿಲಿ ಕುಣಿಯುತ್ತಿತ್ತು. “ಕಾಕಾ, ಈ ವಯಸ್ಸಿನ್ಯಾಗ ಗಿಲಕಿ ಹಿಡ್ಕೊಂಡ್ರೆಲ್ಲ!” ಎಂದು ಪ್ರಭಾಕರ ನಗುತ್ತಿದ್ದ. ಆದರೆ ಕಫ ಬರುತ್ತಿರಲಿಲ್ಲ. ವಾರಗಳು ಕಳೆದವು. ಒಣ ಕೆಮ್ಮು, ಗೋಡೆಗೆ ಒರಗಿದ ಬೆನ್ನು, ನಡುನಡುವೆ ಜ್ವರ. ಮನೆಯವರಿಗೆಲ್ಲ ನನ್ನ ಮೇಲಿನ ನಂಬಿಕೆ ಹೋಗತೊಡಗಿತು.

ಕಾರಣ ನನಗೆ ಮಾತ್ರ ಗೊತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕಲಿತ ಗುಣವೂ ಹಾಗೇ. ಮೇಡಂ ಕಣ್ಣಿನಿಂದ ದೂರಾಗುತ್ತಲೇ ಅವನ ಕೆನ್ನೆ ತನ್ನ ಹಳೆಯ ಕೆಲಸಕ್ಕೆ ಹಾಜರಾಗಿತ್ತು. ತುಟಿಗೆ ಕೊಳವೆ ತಾಗಿದ್ದೇ ತಡ, ಎರಡೂ ಕಡೆ ಉಬ್ಬಿ ಗಾಳಿಯನ್ನು ನೂಕುತ್ತಿತ್ತು. ನನ್ನ ನಡುಕವೆಲ್ಲ ಆ ಮೆತ್ತನೆಯ ಕೆನ್ನೆಯಲ್ಲೇ ಅಲೆದಾಡಿ ಸತ್ತುಹೋಗುತ್ತಿತ್ತೇ ಹೊರತು ಗಂಟಲಿನ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಮೈ ತುಂಬ ಅವನ ಉಸಿರಿದ್ದರೂ ಹೇಳಲು ನನಗೆ ಬಾಯಿಲ್ಲ. ಆ ದಿನಗಳ ಸಂಕಟ ನಾನು ಮರೆತಿಲ್ಲ.

ಒಂದು ಬೆಳಿಗ್ಗೆ ಇಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಮಾನಪ್ಪ ಅಡಿಗೆಮನೆಯ ಹೊಸ್ತಿಲ ಬಳಿ ಕೂತು ಊದುತ್ತಿದ್ದ. ಅವಳು ರೊಟ್ಟಿ ತಿರುವಿ ಹಾಕುತ್ತಾ ತಲೆಯೆತ್ತಿದವಳು ಹಾಗೇ ನಿಂತಳು.

“ಅಯ್ಯ, ಏನ್ರೀ ಇದು! ಬೆಸಿಗಿ ಹಾಕೂ ಕೊಳವಿ ಊದಿದಂಗ ಊದಾಕತ್ತೀರಲ್ಲ? ಆ ದವಾಖಾನಿ ಬಾಯಾರು ಗಲ್ಲ ಉಬ್ಬಸಬ್ಯಾಡ್ರಿ ಅಂದಿರಲಿಲ್ಲೇನು?”

“ನಾ ಎಲ್ಲಿ ಉಬ್ಬಸೀನಿ?” ಎಂದ ಮಾನಪ್ಪ. ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತೇ ಇರಲಿಲ್ಲ.

ಅವಳು ವಾದಕ್ಕಿಳಿಯಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ಅವನ ಎರಡೂ ಕೆನ್ನೆ ಒತ್ತಿ ಹಿಡಿದು, “ಈಗ ಊದ್ರಿ” ಎಂದಳು.

ಅವನು ಊದಿದ. ಮೊದಲು ಗುಂಡು ಏಳಲೇ ಇಲ್ಲ. ಅವನು ಗಾಬರಿಯಾಗಿ ಕಣ್ಣು ಬಿಟ್ಟ. “ಎದಿಯಿಂದ್ರಿ, ಎದಿಯಿಂದ” ಎಂದಳು. ಇನ್ನೊಮ್ಮೆ ಊದಿದಾಗ ಎಲ್ಲಿಂದಲೋ ಆಳದಿಂದ ಒಂದು ಉದ್ದನೆಯ ಬಿಸಿ ಉಸಿರು ಬಂತು. ಗುಂಡು ಎದ್ದಿತು. ನನ್ನ ನಡುಕ ಅವನ ಗಂಟಲಿಗೆ ಇಳಿಯಿತು, ಎದೆಗೂ ಇಳಿಯಿತು. ನಾನು ಹುಟ್ಟಿದ್ದು ಸಾರ್ಥಕವಾಯಿತು ಅನ್ನಿಸಿತು. ಆಮೇಲೆ ಬಂತು ನೋಡಿ ಕೆಮ್ಮು, ಮನೆಯೇ ಅದುರುವಂಥದ್ದು. ಇಂದ್ರವ್ವ ಓಡಿಹೋಗಿ ಬಟ್ಟಲು ತಂದು ಹಿಡಿದಳು. ಒಲೆಯ ಮೇಲಿನ ರೊಟ್ಟಿ ಸುಟ್ಟು ಕರಕಲಾಯಿತು. ಕೆನ್ನೆಗೆ ಹಿಟ್ಟು ಮೆತ್ತಿಕೊಂಡ ಮಾನಪ್ಪ ಅವತ್ತು ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ಅಡ್ಡಾಗಿ ಮಲಗಿ ನಿದ್ದೆ ಮಾಡಿದ.

ಅಲ್ಲಿಂದ ಅವಳು ದಿನಾ ಬಂದು ಕೆನ್ನೆ ಹಿಡಿದಳು. ಅಕ್ಕಪಕ್ಕದ ಹೆಣ್ಣುಮಕ್ಕಳು ಬಾಗಿಲಲ್ಲಿ ಇಣುಕಿ, “ಇಂದ್ರಕ್ಕ, ಈಗ ಬಂತೇನ ನಿಮಗ ಪ್ರಾಯ?” ಎಂದು ಕಾಡಿಸುತ್ತಿದ್ದರು. “ಬಂದ್ರ ನಿಮಗೇನ ಹೊಟ್ಟಿ ಉರಿ?” ಎಂದು ಅವಳೂ ಬಿಡುತ್ತಿರಲಿಲ್ಲ. ಬರಬರುತ್ತಾ ಕೆನ್ನೆ ಪಾಠ ಕಲಿಯಿತು, ಅವಳ ಕೈ ಬೇಡವಾಯಿತು. ಮಳೆಗಾಲ ಬಂದು ಹೋದರೂ ಮಾನಪ್ಪನಿಗೆ ಜ್ವರ ಬರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, “ಛಲೋ ಆಗೇತ್ರಿ” ಎಂದರು. ಸಣ್ಣ ಪುಟ್ಟ ಕೆಲಸ, ಗಾಳಿ ಆಡುವ ಕಡೆ ಕೂತು, ಅಪರೂಪಕ್ಕೊಮ್ಮೆ ಮಾಡಿದರೆ ಅಡ್ಡಿಯಿಲ್ಲ ಎಂದೂ ಹೇಳಿದರು. ಬಸ್ಸಿನಲ್ಲಿ ಬರುವಾಗ ಮಾನಪ್ಪ ಕಿಟಕಿಯ ಕಡೆ ಮುಖ ಮಾಡಿ ಸುಮ್ಮನೆ ನಗುತ್ತಿದ್ದ.

ಇಂದ್ರವ್ವನ ಒಂದು ಬೆಂಡವಾಲಿಯ ತಿರುಪು ಕಿತ್ತು ಬಹಳ ದಿನವಾಗಿತ್ತು. ಮದುವೆಯಾದ ಹೊಸದರಲ್ಲಿ ಮಾನಪ್ಪನೇ ಮಾಡಿಕೊಟ್ಟ ಓಲೆ. ಪ್ರಭಾಕರ ಕೇಳಿದರೂ ಕೊಡದೆ ಅದನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಮರುದಿನ ಅದನ್ನು ತಂದು ಗಂಡನ ಅಂಗೈಯಲ್ಲಿ ಇಟ್ಟಳು.

ಅವನು ಕಟ್ಟೆಯ ಮೇಲೆ ಚಾಪೆ ಹಾಸಿ, ದೀಪ ಹಚ್ಚಿ, ಊದುಗೊಳವೆಯನ್ನು ಮೊಳೆಯಿಂದ ಇಳಿಸಿ ಪಂಚೆಯ ತುದಿಯಿಂದ ಒರೆಸಿದ. ಓಲೆಯನ್ನು ಇದ್ದಿಲಿನ ಮೇಲಿಟ್ಟು, ಬೆಸುಗೆಯ ಚೂರು ಕೂರಿಸಿ, ಕೊಳವೆ ಬಾಯಿಗಿಟ್ಟ. ನಾನು ಪಕ್ಕದ ಗೂಡಿನಲ್ಲಿ ಇದ್ದುಕೊಂಡು ನೋಡುತ್ತಿದ್ದೆ. ಹೊಟ್ಟೆಕಿಚ್ಚಿಲ್ಲದೆ ನೋಡಿದೆ ಎಂದರೆ ನೀವು ನಂಬಬೇಕು.

ಉರಿ ಬಾಗಿತು, ಚೂಪಾಯಿತು. ಮಾನಪ್ಪ ಉಸಿರೆಳೆದುಕೊಂಡ ಕೂಡಲೇ ಮತ್ತೆ ಎದ್ದು ನಿಂತಿತು. ಅವನು ಕೊಳವೆ ತೆಗೆದು ಇನ್ನೊಮ್ಮೆ ಹಿಡಿದ. ಮತ್ತೆ ಹಾಗೇ ಆಯಿತು. ಕೆನ್ನೆ ಉಬ್ಬಿಸಲು ನೋಡಿದ. ಉಬ್ಬಿದ ಕೆನ್ನೆ ಗಾಳಿಯನ್ನು ಹಿಡಿದುಕೊಳ್ಳದೆ ಒಂದೇ ಸಲಕ್ಕೆ ಬಿಟ್ಟುಕೊಟ್ಟಿತು. ಉಸಿರು ಎದೆಯಿಂದ ನೇರ ಬಂದು ಖಾಲಿಯಾಗುತ್ತಿತ್ತು. ನಾನು ಕಲಿಸಿದ್ದೇ ಹಾಗೆ. ಅವನು ಹಟ ಹಿಡಿದು ಜೋರಾಗಿ ಊದಿದ. ಉರಿ ಜಾರಿ ಓಲೆಯ ಮೇಲಿನ ಹೂವಿಗೆ ತಾಗಿತು. ನೋಡನೋಡುತ್ತಿದ್ದಂತೆ ಆ ಪುಟ್ಟ ಎಸಳುಗಳೆಲ್ಲ ಕರಗಿ ಒಂದು ಹನಿಯಾದವು.

ಪ್ರಭಾಕರ ಅಂಗಡಿಯಿಂದ ಎದ್ದು ಬಂದ. ಅವತ್ತು ಅವನು ನಗಲಿಲ್ಲ. “ಕೊಡ್ರಿ ಕಾಕಾ” ಎಂದು ಓಲೆಯನ್ನು ಒಯ್ದು ಗ್ಯಾಸಿನ ಉರಿಯಲ್ಲಿ ತಿರುಪು ಕೂರಿಸಿ ತಂದುಕೊಟ್ಟ. ಹೂವು ಮಾತ್ರ ಹೋದದ್ದು ಹೋಯಿತು. ಮಾನಪ್ಪ ದೀಪ ಆರಿಸಿ, ಊದುಗೊಳವೆಯನ್ನು ಅವನ ಕೈಗೆ ಕೊಟ್ಟು, “ಹಿತ್ತಾಳಿ ತೂಕಕ್ಕ ಹಾಕಿಬಿಡು” ಎಂದು ಒಳಗೆ ಹೋದ.

ಸವತಿ ಮನೆ ಬಿಟ್ಟಳೆಂದು ನಾನು ಹಿಗ್ಗಬೇಕಾಗಿತ್ತು. ಹಿಗ್ಗಲಾಗಲಿಲ್ಲ. ಅವನಿಗೆ ಉಸಿರು ಕೊಟ್ಟದ್ದು ನಾನೇ, ಆ ಉಸಿರು ಯಾವುದಕ್ಕೆ ಬೇಕಾಗಿತ್ತೋ ಅದನ್ನು ಕಿತ್ತುಕೊಂಡದ್ದೂ ನಾನೇ. ಇದಕ್ಕೆ ಯಾರನ್ನು ಬೈಯುವುದು?

ಮಾರನೆಯ ಬೆಳಿಗ್ಗೆ ಅವನು ನನ್ನನ್ನು ಮುಟ್ಟಲಿಲ್ಲ. ಸಂಜೆಯೂ ಇಲ್ಲ. ಆಮೇಲಿನ ದಿನಗಳಲ್ಲೂ ಇಲ್ಲ. ಯಾತಕ್ಕೆ ಊದಬೇಕು, ಅವನಿಗೆ ಊದುವ ಕೆಲಸವೇ ಮುಗಿದಿತ್ತಲ್ಲ. ನನಗೂ ವಯಸ್ಸಾಗಿತ್ತು. ಮೈ ಹಳದಿಗಟ್ಟಿತ್ತು, ಮುಚ್ಚಳದ ತಿರುಪು ಸವೆದು ಸಡಿಲಾಗಿತ್ತು. ನನ್ನಂಥವರ ಬಾಳು ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಾ ಮುಗಿಯುತ್ತದಂತೆ, ನನ್ನ ಮೂಲೆ ಇದೇ ಗೂಡು ಎಂದುಕೊಂಡೆ. ಅಷ್ಟರಲ್ಲಿ ಮಾನಪ್ಪನ ಎದೆಯೊಳಗಿಂದ ಗೊರಗೊರ ಸದ್ದು ಮತ್ತೆ ಕೇಳತೊಡಗಿತು. ಅವನು ಮತ್ತೆ ಗೋಡೆಗೆ ಒರಗಿ ಮಲಗಿದ.

ಇಂದ್ರವ್ವ ಒಂದು ವಾರ ನೋಡಿದಳು. ಆಮೇಲೊಂದು ಬೆಳಿಗ್ಗೆ ನನ್ನನ್ನು ಗೂಡಿನಿಂದ ಇಳಿಸಿ, ಬಿಚ್ಚಿ, ಗುಂಡನ್ನೂ ಬಟ್ಟಲನ್ನೂ ಬೇರೆ ಬೇರೆ ತೊಳೆದು ಒರೆಸಿ ಜೋಡಿಸಿ ಅವನ ಮುಂದೆ ತಂದಿಟ್ಟಳು. ಅವಳ ಕಿವಿಯಲ್ಲಿ ಅದೇ ಓಲೆಗಳಿದ್ದವು. ಒಂದಕ್ಕೆ ಹೂವಿತ್ತು, ಒಂದಕ್ಕೆ ಇರಲಿಲ್ಲ.

“ಸಾಕು ತಗಿ” ಎಂದ ಮಾನಪ್ಪ. “ಯಾತಕ್ಕ ಊದೂದು ಇನ್ನ? ಉರಿ ನಿಂದರವಲ್ದು.”

ಅವಳು ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಕಣ್ಣಲ್ಲಿ ನೀರು ಬಂದಿತ್ತು. ದನಿಯಲ್ಲಿ ಮಾತ್ರ ಸಿಟ್ಟೇ ಇತ್ತು.

“ಇಷ್ಟ ದಿನ ನೀವು ಆ ಉರಿ ಸಲುವಾಗಿ ಊದಾಕತ್ತಿದ್ರೇನು? ನಾ ನನ್ನ ಸಲುವಾಗಿ ಅಂತ ತಿಳಕೊಂಡಿದ್ನೆಲ್ಲರೀ.”

ಮಾನಪ್ಪ ಅವಳ ಮುಖ ನೋಡಿದ. ಕೈ ಚಾಚಿ ನನ್ನನ್ನು ಎತ್ತಿಕೊಂಡ. ಊದಿದ. ಮೊದಲ ಉಸಿರಿಗೆ ಗುಂಡು ಅರ್ಧಕ್ಕೇ ಬಿತ್ತು, ಎರಡನೆಯದಕ್ಕೆ ಎದ್ದಿತು. ಕೆಮ್ಮಿದ, ಸುಧಾರಿಸಿಕೊಂಡ, ಮತ್ತೆ ಊದಿದ. ಮೊಳೆ ಖಾಲಿಯಿತ್ತು. ಅವನ ಕಣ್ಣು ಆ ಕಡೆ ಹೋಗಲಿಲ್ಲ, ಎದುರಿಗೆ ಕೂತವಳ ಮೇಲೇ ಇತ್ತು.

ಮುಗಿದ ಮೇಲೆ ನನ್ನನ್ನು ಅವಳ ಕೈಗೆ ಕೊಟ್ಟು, “ನಾಳಿ ನಾ ಮರತ್ರ ನೆನಪ ಮಾಡು” ಎಂದ.