ಉಲ್ಲನ್ ದಾರದ ಇಳಿಜಾರು

ಹರಿಹರದ ಒಂದು ಯಂತ್ರ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದವನು ನಾನು. ನಮ್ಮಲ್ಲಿ ‘ಎಷ್ಟು ಮಾಡಿದೆ’ ಎಂದು ಯಾರೂ ಕೇಳುವುದಿಲ್ಲ. ಮಾಡಿದ್ದನ್ನು ಹೇಳುವಾಗ ಎಲ್ಲರ ಬಾಯಿಯೂ ದೊಡ್ಡದಾಗುತ್ತದೆ. ‘ಎಷ್ಟು ಉಳಿಯಿತು’ ಎಂದು ಕೇಳಬೇಕು. ಅದನ್ನು ದಿನಾ ಸಂಜೆ ಗ್ರಾಫ್ ಹಾಳೆಯಲ್ಲಿ ಗುರುತು ಹಾಕುತ್ತ ಹೋದರೆ ಗೆರೆ ಇಳಿದು ಇಳಿದು ಗಡುವಿನ ದಿನ ಸೊನ್ನೆ ಮುಟ್ಟಬೇಕು. ಮುಟ್ಟುವಂತೆ ಕಾಣದಿದ್ದರೆ ಯಾರಿಗೆ ಬೈಯಬೇಕು ಎಂಬುದು ಮೊದಲೇ ಗೊತ್ತಾಗುತ್ತದೆ. ಬೈಯುವುದರಲ್ಲಿ ಬಕ್ಕೇಶನನ್ನು ಮೀರಿಸುವವರಿಲ್ಲ ಎಂದು ನನಗೆ ಹೆಸರೇ ಇತ್ತು.

ತೊಂಬತ್ತೊಂಬತ್ತರ ಜನವರಿಯಲ್ಲಿ ಈ ವಿದ್ಯೆಯನ್ನು ಮನೆಗೂ ತಂದೆ. ಕಾರಣ ರಶ್ಮಿತಾ. ನನ್ನ ಹೆಂಡತಿ ವಾಣಿಶ್ರೀಯ ಅಣ್ಣನ ಮಗಳು, ಹರಿಹರದ ಪಕ್ಕದೂರಿನ ಎಂ.ಸಿ.ಸಿ. ಬಡಾವಣೆಯಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಮನೆ. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನವೊಂದು ಹೋಗಿತ್ತು. ಆ ಪುಸ್ತಕ ಬ್ರೈಲ್‌ನಲ್ಲಿ ಸಿಕ್ಕಿರಲಿಲ್ಲ, ಯಾರ್‍ಯಾರೋ ಓದಿ ಹೇಳಿದ್ದನ್ನು ಕೇಳಿಕೊಂಡು ಪರೀಕ್ಷೆಗೆ ಹೋಗಿದ್ದಳು. “ಇದೊಂದು ಸಲ ನೋಡೋಣ, ಆಮೇಲೆ ಓದು ಸಾಕು” ಎಂದುಬಿಟ್ಟಿದ್ದ ಅವಳಪ್ಪ.

ಹಾಗಾಗಿ ಇಡೀ ಪುಸ್ತಕವನ್ನು ನಾವೇ ಕೈಯಲ್ಲಿ ಚುಚ್ಚಿ ಕೊಡುವುದೆಂದು ನಿಶ್ಚಯಿಸಿದೆವು. ನಾವು ಎಂದರೆ ನಾಲ್ವರು: ನಾನು, ವಾಣಿಶ್ರೀ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರಮ್ಮ ಉಚ್ಚೆಂಗೆಮ್ಮ, ಹರಿಹರದಲ್ಲಿ ನನ್ನ ಜೊತೆ ಕೆಲಸ ಮಾಡುವ ಅಮೀರ್ ಜಾನ್. ಬ್ರೈಲ್ ಕಲಿಸಿದವಳು ರಶ್ಮಿತಾಳೇ. ದಪ್ಪ ಹಾಳೆಯನ್ನು ಚೌಕಟ್ಟಿಗೆ ಸಿಕ್ಕಿಸಿ, ಮೊನೆಯಿಂದ ಹಾಳೆಯ ಹಿಂಬದಿಯಲ್ಲಿ ಚುಕ್ಕಿ ಚುಚ್ಚಬೇಕು, ಅದೂ ಬಲದಿಂದ ಎಡಕ್ಕೆ. ಮುಂಬದಿಯಲ್ಲಿ ಉಬ್ಬಿ ನಿಲ್ಲುವ ಚುಕ್ಕಿಗಳನ್ನು ಅವಳು ಬೆರಳಲ್ಲಿ ಓದುತ್ತಾಳೆ. ಒಂದು ಹಾಳೆಗೆ ನಮಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

“ನಾನೂ ಚುಚ್ತೀನಿ ಮಾವ” ಎಂದಳು ಮೊದಲ ದಿನವೇ.

“ನೀ ಸುಮ್ನಿರು. ನಿಂಗೆ ಓದೋದೇ ಬೆಟ್ಟದಷ್ಟು ಐತೆ” ಎಂದು ಗದರಿಸಿದೆ.

ಒಟ್ಟು ನಾನೂರ ಎಂಬತ್ತು ಹಾಳೆ. ಶಿವರಾತ್ರಿಯ ಹಿಂದಿನ ದಿನಕ್ಕೆ ನಲವತ್ತು ದಿನ. ಅಷ್ಟರಲ್ಲಿ ಮುಗಿದರೆ ಅವಳಿಗೆ ಓದಲು ತಿಂಗಳ ಮೇಲೆ ಸಿಗುತ್ತದೆ. ದಿನಕ್ಕೆ ಹನ್ನೆರಡು, ತಲೆಗೆ ಮೂರು. ಗ್ರಾಫ್ ಬರೆಯಲು ಕೂತಾಗ ವಾಣಿಶ್ರೀ ನಕ್ಕಳು: “ಅದನ್ನ ನೋಡೋರು ಯಾರು? ಪುಸ್ತಕ ಯಾರ್ದೋ ಅವಳೇ ನೋಡಂಗಿಲ್ಲ.”

ಅದೂ ನಿಜವೇ. ಹೊಸ ಟಿ.ವಿ.ಯ ಜೊತೆ ಬಂದಿದ್ದ ಥರ್ಮಾಕೋಲ್ ಹಲಗೆಯನ್ನು ಗೋಡೆಗೆ ನಿಲ್ಲಿಸಿದೆ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಒಂದು ಹುರಿ ಕಟ್ಟಿದೆ. ಅದು ನಾವು ಇಳಿಯಬೇಕಾದ ದಾರಿ. ಅದರ ಪಕ್ಕದಲ್ಲಿ ಪ್ರತಿ ಸಂಜೆ, ಉಳಿದ ಹಾಳೆಯ ಲೆಕ್ಕಕ್ಕೆ ಸರಿಯಾಗಿ ಒಂದು ಮೊಳೆ ಚುಚ್ಚಿ, ಮೊಳೆಯಿಂದ ಮೊಳೆಗೆ ಉಲ್ಲನ್ ದಾರ ಸುತ್ತುತ್ತ ಹೋದೆ. ಅದು ನಾವು ಇಳಿದ ದಾರಿ. ರಶ್ಮಿತಾ ದಿನಾ ಆರು ಗಂಟೆಗೆ ಬಂದು, ಚಪ್ಪಲಿ ಬಿಟ್ಟವಳೇ ಹಲಗೆಯ ಮೇಲೆ ಬೆರಳಾಡಿಸಿ, “ಇವತ್ತು ಸರಿ ಇದೀರಿ” ಎಂದು ಹೇಳಿ ಹೋಗುತ್ತಿದ್ದಳು. ಅಮೀರ್ ಜಾನ್ ರೋಜಾ ಉಪವಾಸ ಹಿಡಿದುಕೊಂಡೇ ತನ್ನ ಪಾಲು ತಪ್ಪಿಸಲಿಲ್ಲ. ಉಚ್ಚೆಂಗೆಮ್ಮ ಸಂಕ್ರಾಂತಿಯ ದಿನ ಎರಡೇ ಹಾಳೆ ಕೊಟ್ಟದ್ದಕ್ಕೆ ನಾನು ಅವರಿಗೂ ಬೈದೆ. ಎಳ್ಳು-ಬೆಲ್ಲ ಕೈಗಿಟ್ಟು ಮಾರನೆಯ ದಿನ ನಾಲ್ಕು ಕೊಟ್ಟರು.

ಇಪ್ಪತ್ತೆರಡನೆಯ ದಿನ ಜನವರಿ ಇಪ್ಪತ್ತಾರು, ರಜೆ. ಪುಸ್ತಕವಾಗಿ ಹೊಲಿಯಬೇಕೆಂದು ಇಟ್ಟಿದ್ದ ನಲವತ್ತೆಂಟು ಹಾಳೆ ಹೊರತೆಗೆದೆ. ಹಾಳೆಗಳು ಅಂಕುಡೊಂಕಾಗಿ ಉಬ್ಬಿಕೊಂಡಿವೆ, ನೀಟಾಗಿ ಕೂರಲಿ ಎಂದು ನಾಲ್ಕು ದಿನದಿಂದ ಅವುಗಳ ಮೇಲೆ ಕಬ್ಬಿಣದ ಟ್ರಂಕು ಹೇರಿದ್ದೆ. ನೀಟಾಗಿಯೇ ಕೂತಿದ್ದವು. ಕೈಯಾಡಿಸಿದರೆ ನುಣ್ಣಗೆ. ಚುಕ್ಕಿಗಳೆಲ್ಲ ಚಪ್ಪಟೆಯಾಗಿ ಹೋಗಿದ್ದವು. ನಾಲ್ಕು ಜನರ ನಾಲ್ಕು ದಿನದ ದುಡಿಮೆಯನ್ನು ನನ್ನ ಅಚ್ಚುಕಟ್ಟು ಒಂದೇ ಏಟಿಗೆ ಅಳಿಸಿಹಾಕಿತ್ತು. ಅಕ್ಷರ ಎಂದರೆ ಕಣ್ಣಿಗೆ ಕಾಣುವುದು ಎಂದುಕೊಂಡಿದ್ದವನು ಮಾಡುವ ತಪ್ಪು ಅದು.

ಆ ದಿನ ಇನ್ನೂರ ಹದಿನಾರು ಉಳಿಯಬೇಕಿತ್ತು. ಉಳಿದದ್ದು ಇನ್ನೂರ ಅರವತ್ತನಾಲ್ಕು. ಹದಿನೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ಸರಿಯಾದ ಜಾಗದಲ್ಲೇ ಮೊಳೆ ಚುಚ್ಚಿತು. ಮೊದಲ ಸಲ ದಾರ ಮೇಲಕ್ಕೆ ಹತ್ತಬೇಕಾಗಿತ್ತು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ನನಗೆ ಏನು ಬಡಿಯಿತೋ, ಮೊಳೆ ಕಿತ್ತು ಕೆಳಗೆ ಹುರಿಯ ಪಕ್ಕದಲ್ಲೇ ಚುಚ್ಚಿ ದಾರ ಸುತ್ತಿಬಿಟ್ಟೆ. ಮೂವರಿಗೂ ಬೈದು ಬೈದು ಕೆಲಸ ತೆಗೆದವನು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ರಶ್ಮಿತಾ ಬೆರಳಾಡಿಸಿದಳು. ಹೊಸ ಮೊಳೆಯ ಹತ್ತಿರ ನಿಂತಳು. ಬೆರಳು ನಿಧಾನವಾಗಿ ಮೇಲೆ ಹೋಯಿತು.

“ಮಾವ, ಇಲ್ಲೊಂದು ತೂತು ಐತೆ.”

“ಇದ್ರೆ ಇರ್ಲಿ ಬಿಡು. ಹಲಗೆ ಅಂದ್ಮೇಲೆ ತೂತು ಬೀಳ್ತಾವೆ” ಎಂದು ರೇಗಿದೆ.

“ನಿನ್ನೆ ಇರ್ಲಿಲ್ಲ.” ಅವಳು ಬೆರಳು ತೆಗೆಯಲಿಲ್ಲ. “ಎಷ್ಟು ಉಳೀತು ಮಾವ? ನಿಜ ಹೇಳ್ರಿ.”

ಹೇಳಿದೆ. ಟ್ರಂಕಿನ ವಿಷಯವನ್ನೂ ಹೇಳಿದೆ. ಅಡಿಗೆಮನೆಯಿಂದ ವಾಣಿಶ್ರೀ, ಹಾಳೆ ಕೊಡಲು ಬಂದಿದ್ದ ಉಚ್ಚೆಂಗೆಮ್ಮ, ಇಬ್ಬರೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ನನಗೆ ತಲೆ ಎತ್ತಲಾಗಲಿಲ್ಲ.

“ಹೋದ ವರ್ಷ ಎಲ್ರೂ ನಂಗೆ ‘ಚೆನ್ನಾಗ್ ಓದೀಯ, ಪಾಸಾಗ್ತೀಯ’ ಅಂತಾನೇ ಹೇಳಿದ್ರು ಮಾವ” ಎಂದಳು ರಶ್ಮಿತಾ. “ಎಷ್ಟು ಓದೋದು ಉಳಿದೈತೆ ಅಂತ ಒಬ್ರೂ ಹೇಳ್ಲಿಲ್ಲ. ಬೇಜಾರಾಗ್ತಾಳೆ ಅಂತ. ಇದ್ದದ್ದು ಇದ್ದಂಗೆ ಹೇಳಿದ್ದು ಈ ಹಲಗೆ ಒಂದೇ. ಇದಕ್ಕೂ ಸುಳ್ಳು ಕಲಿಸ್ಬ್ಯಾಡ್ರಿ.”

ಬೈಗುಳ ಕೊಡುವವನಿಗೆ ತಿನ್ನುವ ಅಭ್ಯಾಸ ಇರುವುದಿಲ್ಲ. ಅವಳು ಬೈಯಲೂ ಇಲ್ಲ, ಅದೇ ನನಗೆ ಸಂಕಟವಾಯಿತು. ಮೊಳೆ ಕಿತ್ತು ಮೇಲಿನ ತೂತಿನ ಒತ್ತಿಗೇ ಚುಚ್ಚಿದೆ. ದಾರ ಗುಡ್ಡ ಹತ್ತಿದಂತೆ ಮೇಲೇರಿತು.

“ಈಗ ಹೇಳ್ರಿ, ದಿನಕ್ಕೆ ಎಷ್ಟಾಗ್ಬೇಕು?”

“ಹದಿನೈದು. ನಾವು ನಾಲ್ಕು ಜನ, ಆಗಂಗಿಲ್ಲಮ್ಮ.”

“ನಾ ಒಂದು ಹಾಳೆ ಹತ್ತು ನಿಮಿಷದಾಗ ಚುಚ್ತೀನಿ. ಅತ್ತೆ ಓದಿ ಹೇಳ್ಲಿ. ದಿನಕ್ಕೆ ಐದು ನಂದು. ಚುಚ್ಚಿದ್ದು ಓದಿದಂಗೂ ಆಗ್ತದೆ.”

ಉಚ್ಚೆಂಗೆಮ್ಮ ಹಣೆ ಚಚ್ಚಿಕೊಂಡರು. “ಅಂಗೈಯಾಗ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ್ರಂತೆ. ಕಲಿಸಿದ ಗುರುನ್ನೇ ಹೊರಗೆ ಕೂಡ್ರಿಸಿದ್ದೆಯಲ್ಲೋ ಬಕ್ಕೇಶ!”

ಮೂವತ್ತೆಂಟನೆಯ ದಿನ ಕೊನೆಯ ಹಾಳೆ ಮುಗಿಯಿತು, ಗಡುವಿಗೆ ಎರಡು ದಿನ ಮೊದಲೇ. ಅಮೀರ್ ಜಾನ್ ಹರಿಹರದಿಂದ ಜಿಲೇಬಿ ತಂದಿದ್ದ. ಸೊನ್ನೆಯ ಮೊಳೆಯನ್ನು ರಶ್ಮಿತಾಳೇ ಚುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, “ಮಾವ, ಕಣ್ಣು ಮುಚ್ರಿ” ಎಂದಳು.

ಮುಚ್ಚಿದೆ. ನನ್ನ ಬೆರಳು ಹಿಡಿದು ಮೊದಲ ಮೊಳೆಯ ಮೇಲಿಟ್ಟಳು. ಆ ಹಲಗೆ ಮಾಡಿದವನು ನಾನು, ದಿನಾ ನೋಡಿದವನು ನಾನು, ಒಂದು ದಿನವೂ ಹೀಗೆ ಮುಟ್ಟಿರಲಿಲ್ಲ. ದಾರ ಮೆತ್ತಗೆ ಇಳಿಯಿತು, ಇಪ್ಪತ್ತೆರಡನೆಯ ದಿನ ಏರಿತು, ಮತ್ತೆ ಇಳಿಯಿತು.

“ತೂತು ಸಿಗ್ತಾ?”

“ಇಲ್ಲಮ್ಮ.”

ಅವಳು ನನ್ನ ಬೆರಳನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಇಪ್ಪತ್ತೆರಡನೆಯ ದಿನದ ಮೊಳೆಯ ಒತ್ತಿಗೆ, ಅವತ್ತು ತನ್ನ ಬೆರಳು ನಿಂತಿದ್ದ ಜಾಗದಲ್ಲಿ ಮೆಲ್ಲಗೆ ಒತ್ತಿದಳು. ಸಾಸಿವೆಯಷ್ಟು ಸಣ್ಣ ತೂತು. ಕಣ್ಣು ಮುಚ್ಚಿಕೊಂಡೇ ಇದ್ದರೂ ನೀರು ಬಂತು.

“ಇದನ್ನ ಮುಚ್ಬ್ಯಾಡ್ರಿ ಮಾವ” ಎಂದಳು. “ನನ್ನನ್ನ ಕೆಲಸಕ್ಕೆ ಸೇರಿಸ್ಕೊಂಡಿದ್ದು ಇದೇ.”