ಸೊನ್ನೆಯಲ್ಲಿ ಉಳಿದ ಬೆಳಕು

ಕಂಪ್ಯೂಟರಿನಲ್ಲಿ ನನ್ನ ಮಾಡೆಲ್ ಮತ್ತೆ ಅದೇ ಉತ್ತರ ಕೊಟ್ಟಿತು. ನಕ್ಷತ್ರ ಸಿಡಿದಾಗ ಹೊರಬಿದ್ದ ಒಟ್ಟು ದ್ರವ್ಯಕ್ಕಿಂತ, ಅದರ ಬೆಳಕಿಗೆ ಉರುವಲಾದ ನಿಕಲ್ಲೇ ಜಾಸ್ತಿಯಂತೆ! ಒಂದು ಕಿಲೋ ಹಿಟ್ಟಿನ ಚೀಲದಲ್ಲಿ ಒಂದೂವರೆ ಕಿಲೋ ಸಕ್ಕರೆ ಇದೆ ಅಂದ ಹಾಗೆ. ಕೀಬೋರ್ಡನ್ನು ಅತ್ತ ತಳ್ಳಿ ಹಣೆ ಹಣೆ ಚಚ್ಚಿಕೊಂಡೆ.

ನನ್ನ ಕೆಲಸ ಹೇಳುವುದಕ್ಕೇನೋ ಸುಲಭ. ದೂರದ ಗ್ಯಾಲಕ್ಸಿಯಲ್ಲಿ ನಕ್ಷತ್ರವೊಂದು ಸಿಡಿಯುತ್ತದೆ. ಅದರ ಬೆಳಕು ಕೆಲವು ವಾರ ಏರಿ, ಆಮೇಲೆ ತಿಂಗಳುಗಟ್ಟಲೆ ಇಳಿಯುತ್ತದೆ. ಆ ಏರಿಳಿತದ ಗೆರೆಗೆ ಮಾಡೆಲ್ ಹೊಂದಿಸಿದರೆ, ಸಿಡಿದದ್ದು ಎಂಥ ನಕ್ಷತ್ರ ಎಂದು ಹೇಳಬಹುದು. ಗೆರೆಯ ಶಿಖರದ ಎತ್ತರದಿಂದ ನಿಕಲ್ ಎಷ್ಟಿತ್ತೆಂದು ಗೊತ್ತಾಗುತ್ತದೆ, ಕೊನೆಯ ಬಾಲ ಇಳಿಯುವ ವೇಗದಿಂದ ಒಟ್ಟು ದ್ರವ್ಯ. ನಮ್ಮ ನಕ್ಷತ್ರದ ಶಿಖರ ಚೆನ್ನಾಗಿಯೇ ಹೊಂದುತ್ತಿತ್ತು. ಬಾಲ ಮಾತ್ರ ಹಗ್ಗ ಕಿತ್ತ ಕೊಡದ ಹಾಗೆ ದಬಕ್ಕನೆ ಕೆಳಗೆ.

ನನ್ನ ಸಂಶೋಧನೆಯ ಗೈಡ್‌ಗೆ ಇದರಿಂದ ಹಿಗ್ಗೋ ಹಿಗ್ಗು.

"ಮಾಡೆಲ್ ಕೂರ್ತಿಲ್ಲ ಅಂದ್ರೆ ಏನರ್ಥ? ಇದು ಹೊಸ ಜಾತಿ ನಕ್ಷತ್ರ ಕಣಮ್ಮ. ಶುಕ್ರವಾರ ಜರ್ನಲ್‌ಗೆ ಪೇಪರ್ ಕಳಿಸೋಣ. ಇದೊಂದು ಆದ್ರೆ ನಿನ್ನ ಕೆಲಸ ಇನ್ನೊಂದು ವರ್ಷ ಮುಂದುವರಿಯೋ ಹಾಗೆ ನಾನು ನೋಡ್ಕೋತೀನಿ."

ಹೊಸ ಜಾತಿ ಅಲ್ಲದಿದ್ದರೆ ಕೆಲಸವೂ ಇಲ್ಲ ಎಂದು ಅವರು ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆದರೆ ಎಷ್ಟೇ ಹೊಸ ಜಾತಿಯಾದರೂ ಭಾಗವು ಇಡಿಗಿಂತ ದೊಡ್ಡದಾಗುವುದು ಎಲ್ಲಾದರೂ ಉಂಟೇ? ಕೋಡಿನ ಸಾಲು ಸಾಲನ್ನೂ ಜಾಲಾಡಿದೆ. ದೂರದ ಲೆಕ್ಕ ಸರಿ, ನಡುವೆ ಬೆಳಕು ತಡೆಯುವ ಧೂಳಿನ ಲೆಕ್ಕ ಸರಿ. ಲ್ಯಾಬಿನವರು ನನ್ನ ಮಾಡೆಲ್‌ಗೆ 'ಹಠಮಾರಿ' ಎಂದೇ ಹೆಸರಿಟ್ಟಿದ್ದರು. ನನಗಂತೂ ಅದನ್ನು ಕಿಟಕಿಯಿಂದಾಚೆ ಎಸೆಯುವಷ್ಟು ಸಿಟ್ಟು.

ಆ ಸಂಜೆ ಮನೆಗೆ ಬಂದರೆ ಅಕ್ಕನದು ಇನ್ನೊಂದು ರಂಪ. ಕೇಕಿಗೆ ಚಾಕು ಇಳಿಯುತ್ತಿರಲಿಲ್ಲ.

"ಗ್ರಾಂ ಲೆಕ್ಕದಲ್ಲಿ ಹಾಕಿದೀನಿ ಕಣೇ, ಆದ್ರೂ ಕಲ್ಲಾಗಿದೆ. ಈ ತಕ್ಕಡಿಗೆ ಬೆಂಕಿ ಹಾಕ!"

"ಪಾತ್ರೆ ಇಟ್ಟು ಸೊನ್ನೆ ಒತ್ತಿದ್ಯಾ?"

"ಒತ್ತಿದೆ. ಉಳಿದಿದ್ದ ಹಿಟ್ಟು ಸುರಿದ್ಮೇಲೆ ನೆನಪಾಯ್ತು, ಆಗ ಒತ್ತಿದೆ. ಒಂಚೂರು ಹಿಟ್ಟಿಗೆ ಏನಾಗತ್ತೆ?"

ನಿನ್ನ ತಲೆ ಎಂದು ರೇಗಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ.

ನಮಗೂ ಒಂದು ಸೊನ್ನೆ ಇದೆ. ಗ್ಯಾಲಕ್ಸಿಯ ಬೆಳಕು ತೆಗೆದು ಬರೀ ನಕ್ಷತ್ರದ್ದನ್ನು ಉಳಿಸಿಕೊಳ್ಳಲು, ನಕ್ಷತ್ರವೇ ಇಲ್ಲದ ಒಂದು ಚಿತ್ರವನ್ನು ಪ್ರತಿ ಚಿತ್ರದಿಂದಲೂ ಕಳೆಯುತ್ತೇವೆ. ಸಿಡಿಯುವ ಮುಂಚಿನ ಚಿತ್ರ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಬೆಳಕೆಲ್ಲ ಆರಿದ ಮೇಲಿನದು ಎಂದು ಗೈಡೇ ಒಂದನ್ನು ಆರಿಸಿ ಕೊಟ್ಟಿದ್ದರು. ನಿಜವಾಗಿ ಆರಿತ್ತೇ? ಆರಿರದಿದ್ದರೆ ಪ್ರತಿ ದಿನದ ಬೆಳಕಿನಿಂದಲೂ ನಾವು ಆ ಚೂರನ್ನು ಕಳೆಯುತ್ತಲೇ ಬಂದಿದ್ದೆವು. ಶಿಖರದಲ್ಲಿ ಅದು ಯಾವ ಲೆಕ್ಕ? ಬಾಲದಲ್ಲಾದರೋ ಇದ್ದದ್ದೇ ಅಷ್ಟು.

"ಅಕ್ಕಾ, ನಮ್ಮ ಸರ್ ಕೂಡ ಹಿಟ್ಟು ಇಟ್ಕೊಂಡೇ ಸೊನ್ನೆ ಒತ್ತಿದಾರೆ!" ಎಂದು ಕೂಗಿದೆ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಕೂರಿಸಿಕೊಂಡು ಎಲ್ಲ ಹೇಳಿದೆ.

ಬೆಳಿಗ್ಗೆ ಲ್ಯಾಬಿಗೆ ಹೋದವಳೇ, ದೂರದರ್ಶಕದವರು ಈ ವರ್ಷ ತೆಗೆದಿದ್ದ ಅದೇ ಜಾಗದ ಚಿತ್ರ ಹುಡುಕಿದೆ. ಹಳೆಯ 'ಖಾಲಿ' ಚಿತ್ರದಿಂದ ಅದನ್ನು ಕಳೆದಾಗ ನಡುವೆ ಒಂದು ಸಣ್ಣ ಚುಕ್ಕೆ ಉಳಿಯಿತು. ಆರಿರಲೇ ಇಲ್ಲ. ಹೊಸ ಸೊನ್ನೆ ಹಾಕಿ ಓಡಿಸಿದರೆ ಹಠಮಾರಿ ಮೊದಲ ಸಲಕ್ಕೇ ಕೂತಿತು. ಬಾಲ ನಿಧಾನವಾಗಿ ಇಳಿಯಿತು, ದ್ರವ್ಯ ಬೇಕಾದಷ್ಟು, ನಿಕಲ್ ಅದರಲ್ಲಿ ಒಂದು ಚಿಟಿಕೆ. ಎಲ್ಲೆಲ್ಲೂ ಸಿಡಿಯುವಂಥ ಸಾದಾಸೀದಾ ನಕ್ಷತ್ರ. ನನಗೆ ಅಳು ಬಂತು, ಖುಷಿಗಲ್ಲ, ಸಿಟ್ಟಿಗೆ. ಪಾಪ, ಇಷ್ಟು ದಿನ ಬೈಸಿಕೊಂಡ ಮಾಡೆಲ್ಲೇ ಸರಿಯಾಗಿತ್ತು.

ಚುಕ್ಕೆ ತೋರಿಸಿದಾಗ ಗೈಡ್ ಸ್ಕ್ರೀನಿನ ಹತ್ತಿರ ಬಗ್ಗಿದರು.

"ಆ ಚಿತ್ರ ಆರಿಸಿದ್ದು ನಾನೇ ಅಲ್ವಾ?"

"ಹೌದು ಸರ್."

"ಯಾರಿಗಾದ್ರೂ ಹೇಳಿದ್ಯಾ?"

ಇಲ್ಲ ಅಂದರೆ ಸಾಕು, ಶುಕ್ರವಾರ ಪೇಪರ್ ಹೋಗುತ್ತದೆ, ನನ್ನ ಕುರ್ಚಿ ಇನ್ನೊಂದು ವರ್ಷ ಇಲ್ಲೇ ಇರುತ್ತದೆ.

"ನಮ್ಮ ಅಕ್ಕನಿಗೆ ಹೇಳಿದೀನಿ ಸರ್."

"ಅವರೂ ಇದೇ ಲೈನಾ?"

"ಇಲ್ಲ ಸರ್, ಕೇಕ್ ಮಾಡ್ತಾಳೆ. ಆದ್ರೆ ಅವಳಿಗೂ ಅರ್ಥ ಆಯ್ತು."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಪೇಪರ್ ಬೇಡ ಬಿಡು. ಇಂಥ ನಕ್ಷತ್ರ ಬುಟ್ಟಿಗಟ್ಟಲೆ ಇವೆ" ಎಂದರು. ಕೆಲಸದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮನೆಯಲ್ಲಿ ಅಕ್ಕ ಇನ್ನೊಂದು ಕೇಕ್ ಮಾಡಿಟ್ಟಿದ್ದಳು. ಚಾಕು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

"ಈ ಸಲ ಖಾಲಿ ಪಾತ್ರೆ ಇಟ್ಟು ಸೊನ್ನೆ ಒತ್ತಿದೆ. ಹೇಗಿದೆ, ಹೇಳು?"

"ತುಂಬಾ ಚೆನ್ನಾಗಿದೆ. ದಿನಾ ಮಾಡ್ಕೊಡು ಅಕ್ಕಾ" ಎಂದೆ. "ಮುಂದಿನ ತಿಂಗಳಿಂದ ಮನೇಲೇ ಇರ್ತೀನಿ."